ಬೀಳು ಹೊಲದಲ್ಲಿ ತಾನೇ ಎದ್ದ ಎಳೆ ಕಾಡು ಮಾರಾಟಕ್ಕಿದೆ, ಕೊಳ್ಳಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ನಾನು ಹೈಸ್ಕೂಲ್ ಟೀಚರ್. ನಮ್ಮ ಯಜಮಾನರು ಇನ್ನೆರಡು ವರ್ಷಕ್ಕೆ ನಿವೃತ್ತರಾಗುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 4 ಎಕರೆ 10 ಗುಂಟೆ ಖುಷ್ಕಿ ಜಮೀನು ಮಾರಾಟಕ್ಕಿದೆ. ಸುಮಾರು ಹದಿನೈದು ವರ್ಷದಿಂದ ಉಳುಮೆ ಇಲ್ಲ, ಬೀಳು ಬಿದ್ದಿದೆ. ಒಳಗೆ ಬೇವು, ಮುತ್ತುಗ, ತುಗ್ಗಲಿ, ಸೀತಾಫಲ, ಬಳ್ಳಾರಿ ಜಾಲಿ ಎಲ್ಲ ತಾವಾಗಿಯೇ ಬೆಳೆದು ಎಳೆ ಕಾಡಿನ ಹಾಗೆ ಆಗಿದೆ. ಅಲ್ಲಲ್ಲಿ ಗಂಧದ ಗಿಡವೂ ಇದೆಯಂತೆ. ಮಧ್ಯವರ್ತಿ "ಜೆಸಿಬಿ ಬಿಟ್ಟು ಎರಡು ದಿನದಲ್ಲಿ ಕ್ಲೀನ್ ಮಾಡಿಸಿ, ಬೋರ್ ಹಾಕಿಸಿ ಅಡಿಕೆ ಇಡಿ" ಅಂತಾರೆ. ನಮಗೆ ಅದನ್ನು ಕಾಡಾಗಿಯೇ ಉಳಿಸುವ ಆಸೆ. ಕೊಳ್ಳಬಹುದಾ? ಕಾನೂನಿನ ತೊಡಕು ಬರುತ್ತಾ? ಕೊಂಡಮೇಲೆ ಗಿಡ ನೆಡಬೇಕಾ, ಬೋರ್ ಹಾಕಿಸಬೇಕಾ?

ಉತ್ತರ: ಮೇಡಂ, ನಮಸ್ಕಾರ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕಾಗದಪತ್ರ ಸರಿ ಇದ್ದರೆ ಕೊಳ್ಳಿ. ಜೆಸಿಬಿಯನ್ನು ಮಾತ್ರ ಒಳಗೆ ಬಿಡಬೇಡಿ. ಗಿಡ ನೆಡುವ ಖರ್ಚೂ ಬೇಡ. ಆ ದುಡ್ಡನ್ನು ಸರ್ವೆಗೆ, ವಕೀಲರಿಗೆ, ಬೆಂಕಿ ತಡೆಯೋದಕ್ಕೆ ಇಟ್ಟುಕೊಳ್ಳಿ. ಸುತ್ತಮುತ್ತಲ ಹೊಲದವರ ಜೊತೆ ಚೆನ್ನಾಗಿರಿ. ಇಂಥ ಕಾಡು ಉಳಿಯುವುದು ಇಷ್ಟರಿಂದಲೇ.

ನೀವು ಕೊಳ್ಳಲು ಹೊರಟಿರುವುದು ನಿಜಕ್ಕೂ ಏನು ಅನ್ನೋದನ್ನು ಸ್ವಲ್ಪ ವಿವರಿಸುತ್ತೇನೆ. ಮೇಲೆ ಕಾಣುವ ಗಿಡಗಳು ಆ ಕಾಡಿನ ಸಣ್ಣ ಪಾಲು. ದೊಡ್ಡ ಪಾಲು ನೆಲದೊಳಗಿದೆ. ಮುಂದಿನ ಸಲ ಹೋದಾಗ ಮೊಣಕಾಲೆತ್ತರದ ಒಂದು ಮುತ್ತುಗದ ಗಿಡದ ಪಕ್ಕ ಕೂತು, ಬುಡದ ಮಣ್ಣನ್ನು ಕುಡುಗೋಲಿನ ತುದಿಯಿಂದ ಮೆಲ್ಲಗೆ ಸರಿಸಿ ನೋಡಿ. ಮೇಲೆ ನಾಲ್ಕೇ ನಾಲ್ಕು ಎಲೆ ಇರುತ್ತವೆ. ಕೆಳಗೆ ಹೆಬ್ಬೆರಳು ದಪ್ಪದ ಬೇರು ಇರುತ್ತದೆ. ಬುಡದಲ್ಲಿ ಒಣಗಿದ ಹಳೇ ಕಡ್ಡಿಗಳ ಮೋಟು ಎರಡು ಮೂರು ಸಿಗುತ್ತವೆ. ಅಂದರೆ ಆ ಗಿಡ ಬೇಸಿಗೆಯಲ್ಲಿ ಮೇಲೆ ಒಣಗಿ, ಮಳೆಗೆ ಮತ್ತೆ ಚಿಗುರಿ, ಹೀಗೆ ವರ್ಷ ವರ್ಷವೂ ಬೇರನ್ನು ದಪ್ಪ ಮಾಡಿಕೊಂಡಿದೆ. ಬೇರು ಸಾಕಷ್ಟು ಆಳಕ್ಕೆ ಇಳಿದ ಮೇಲೆ ಒಂದು ಒಳ್ಳೆ ಮಳೆಗಾಲದಲ್ಲಿ ಅದು ಆಳೆತ್ತರ ಎದ್ದು ನಿಲ್ಲುತ್ತದೆ. ನಮ್ಮ ಬಯಲುಸೀಮೆಯ ಬಹಳಷ್ಟು ಮರಗಳು ಬೆಳೆಯುವುದು ಹೀಗೆಯೇ. ಮೂರು ವರ್ಷದಿಂದ ಗಿಡ ಬೆಳೆದೇ ಇಲ್ಲ ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅಷ್ಟೂ ದಿನ ಅದು ಕೆಳಗೆ ಬೆಳೆಯುತ್ತಿರುತ್ತದೆ.

ಇನ್ನೊಂದು ತರಹದ ಗಿಡವೂ ಸಿಗಬಹುದು. ಹೊಲ ಮಾಡುವ ಮೊದಲು ಅಲ್ಲಿ ಕಾಡಿದ್ದರೆ, ದಿಂಡಿಗ, ತುಗ್ಗಲಿ, ಕಗ್ಗಲಿಯ ಹಳೇ ಬೊಡ್ಡೆಗಳು ಬದುವಿನ ಪಕ್ಕ, ಕಲ್ಲಿನ ಸಂದಿನಲ್ಲಿ ಉಳಿದಿರುತ್ತವೆ. ಉತ್ತರೂ ಸತ್ತಿರುವುದಿಲ್ಲ. ಉಳುಮೆ ನಿಂತ ಕೂಡಲೇ ಅವು ಗೊಂಚಲು ಗೊಂಚಲಾಗಿ ಚಿಗುರುತ್ತವೆ. ಹತ್ತು ಹನ್ನೆರಡು ಸಣ್ಣ ಕಾಂಡಗಳು ಒಂದೇ ಬುಡದಿಂದ ಎದ್ದಿದ್ದರೆ ಅದು ಬೊಡ್ಡೆಯ ಚಿಗುರು ಅಂತ ತಿಳಿಯಿರಿ. ಕಾಂಡಕ್ಕೆ ಹತ್ತು ವರ್ಷ ವಯಸ್ಸಿದ್ದರೂ ಬೇರಿಗೆ ನಿಮ್ಮ ಅಜ್ಜಿಯ ವಯಸ್ಸಿರಬಹುದು.

ಮೂರನೆಯದು ಹಕ್ಕಿಗಳು ತಂದವು. ಬೇವಿನ ಹಣ್ಣು ತಿಂದ ಕೋಗಿಲೆ, ಪಿಕಳಾರ ಎಲ್ಲಿ ಕೂರುತ್ತವೋ ಅಲ್ಲಿ ಕೆಳಗೆ ಬೇವು ಹುಟ್ಟುತ್ತದೆ. ಗಂಧವೂ ಹಾಗೆಯೇ. ಅದಕ್ಕೇ ಗಂಧದ ಸಸಿ ಬಟ್ಟ ಬಯಲಲ್ಲಿ ಸಿಗೋದು ಅಪರೂಪ. ಜಾಲಿ, ಎಲಚಿ ಮುಳ್ಳುಗಂಟಿಯ ನಡುವೆಯೇ ಜಾಸ್ತಿ. ಮುಳ್ಳಿರುವುದರಿಂದ ಆಡು ಬಾಯಿ ಹಾಕುವುದಿಲ್ಲ, ನೆರಳಿರುವುದರಿಂದ ಬಿಸಿಲು ಸುಡುವುದಿಲ್ಲ. ಗಂಧಕ್ಕೆ ಇನ್ನೊಂದು ಲಾಭವೂ ಉಂಟು. ಅದು ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಾಗಿಸಿ ನೀರು, ಸಾರ ಎಳೆದುಕೊಳ್ಳುವ ಮರ. ಒಂಟಿಯಾಗಿ ಅದು ಏಳುವುದಿಲ್ಲ. "ಪೊದೆ ಕ್ಲೀನ್ ಮಾಡಿ ಗಂಧ ಮಾತ್ರ ಉಳಿಸೋಣ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪೊದೆ ಹೋದರೆ ಗಂಧವೂ ಸೊರಗುತ್ತದೆ.

ಈಗ ಜೆಸಿಬಿ ವಿಷಯ. ಜೆಸಿಬಿ ಬಕೆಟ್ ಮೊದಲು ಕೀಳುವುದೇ ಈ ಬೇರನ್ನು. ನಮ್ಮ ಕಡೆ ಕೆಂಪು ಗರಸು ಮಣ್ಣು. ಮೇಲಿನ ಒಳ್ಳೆ ಮಣ್ಣು ಗೇಣುದ್ದ ಇದ್ದರೆ ಹೆಚ್ಚು. ಹದಿನೈದು ವರ್ಷ ಎಲೆ ಉದುರಿ, ಗೆದ್ದಲು ಕೆಲಸ ಮಾಡಿ, ಹುಲ್ಲಿನ ಬೇರು ಹೆಣೆದು ಆದ ಮಣ್ಣು ಅದು. ಒಂದು ಸಲ ಕೆದರಿದರೆ ಮೊದಲ ದೊಡ್ಡ ಮಳೆಗೆ ಹಳ್ಳ ಸೇರುತ್ತದೆ. ಆಮೇಲೆ ಮನಸ್ಸು ಬದಲಾಗಿ ಮತ್ತೆ ಕಾಡು ಬೇಕು ಅಂದರೆ, ಗುಂಡಿ ತೆಗೆದು, ಸಸಿ ತಂದು, ಎರಡು ಮೂರು ಬೇಸಿಗೆ ಟ್ಯಾಂಕರ್ ನೀರು ಹಾಕಿದರೂ ಇಷ್ಟು ಗಿಡ ನಿಲ್ಲುವುದಿಲ್ಲ.

ಅಡಿಕೆಯ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಭೀಮಸಮುದ್ರ, ಚನ್ನಗಿರಿ ಕಡೆ ಅಡಿಕೆಯಿಂದ ಬದುಕು ಕಟ್ಟಿಕೊಂಡವರು ತುಂಬಾ ಜನ ಇದ್ದಾರೆ. ಆದರೆ ಅವೆಲ್ಲ ಕೆರೆಯ ಕೆಳಗೋ, ನಾಲೆಯ ಆಸರೆಯಲ್ಲೋ ಶುರುವಾದ ತೋಟಗಳು. ಚಿತ್ರದುರ್ಗ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಹೊಳಲ್ಕೆರೆ ಕಡೆ ಸ್ವಲ್ಪ ಜಾಸ್ತಿ, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕಡಿಮೆ. ಇಷ್ಟು ಮಳೆಯಲ್ಲಿ ಅಡಿಕೆ ಪೂರ್ತಿ ಬೋರಿನ ಮೇಲೆಯೇ ನಿಲ್ಲಬೇಕು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರಲ್ಲ, ಆಮೇಲಿನ ಬೇಸಿಗೆಯಲ್ಲಿ ಹೊಳಲ್ಕೆರೆ, ಚನ್ನಗಿರಿ ಸೀಮೆಯಲ್ಲಿ ಅಡಿಕೆಗೆ ಟ್ಯಾಂಕರ್ ನೀರು ಹೊಡೆಸಿದ್ದನ್ನು ನೀವೂ ನೋಡಿರುತ್ತೀರಿ. ನಿವೃತ್ತಿಯ ದುಡ್ಡನ್ನು ಅದರ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಜಮೀನಿನಲ್ಲಿ ನಿಜವಾಗಿ ಎಷ್ಟು ಗಿಡ ಇದೆ ಅನ್ನೋದನ್ನು ನೀವೇ ಅಳೆಯಬಹುದು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಂದು ಹಗ್ಗಕ್ಕೆ 33 ಅಡಿಗೊಂದು ಗಂಟು ಹಾಕಿಕೊಂಡು ಹೋಗಿ. ಜಮೀನಿನ ನಾಲ್ಕೈದು ಕಡೆ ಚೌಕ ಹಾಸಿ. ದಾರಿ ಪಕ್ಕ ಒಂದು, ನಡುವೆ ಒಂದು, ಇಳಿಜಾರಿನಲ್ಲಿ ಒಂದು, ತೀರಾ ಬೋಳಾಗಿರುವ ಕಡೆ ಒಂದು, ಹೀಗೆ. ಚೆನ್ನಾಗಿ ಕಾಣುವ ಕಡೆ ಮಾತ್ರ ಹಾಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ಚೌಕದಲ್ಲಿ ಆಳೆತ್ತರ ದಾಟಿದ ಗಿಡ ಎಷ್ಟು, ಸೊಂಟದೆತ್ತರದವು ಎಷ್ಟು, ಬೊಡ್ಡೆ ಚಿಗುರು ಎಷ್ಟು ಅಂತ ಬರೆದುಕೊಳ್ಳಿ. ಬಳ್ಳಾರಿ ಜಾಲಿ ಮತ್ತು ಲಂಟಾನವನ್ನು ಬೇರೆ ಬರೆಯಿರಿ. ಅವೆರಡನ್ನು ಬಿಟ್ಟು ಗುಂಟೆಗೆ ಎಂಟು ಹತ್ತು ಊರ ಜಾತಿಯ ಗಿಡ ಸಿಕ್ಕರೆ ಎಕರೆಗೆ 320ರಿಂದ 400 ಆಯಿತು. ಹತ್ತು ಅಡಿಗೊಂದು ಸಸಿ ನೆಟ್ಟರೂ ಎಕರೆಗೆ 435 ಮಾತ್ರ ಬರುವುದು. ಅಂದರೆ ನಾಟಿ ಕೆಲಸ ಆಗಲೇ ಮುಗಿದಿದೆ. ಗುಂಟೆಗೆ ಎರಡು ಮೂರೇ ಸಿಕ್ಕಿ, ಉಳಿದದ್ದೆಲ್ಲ ಬಳ್ಳಾರಿ ಜಾಲಿಯಾದರೆ ಕೊಳ್ಳುವುದು ನಿಮ್ಮ ತಾಳ್ಮೆಗೆ ಬಿಟ್ಟದ್ದು. ಆಗಲೂ ಕಾಡಾಗುತ್ತದೆ, ಹತ್ತು ವರ್ಷ ಜಾಸ್ತಿ ಹಿಡಿಯುತ್ತದೆ.

ಎರಡು ಋತುವಿನಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಉದುರಿರುವಾಗ ನೆಲ, ಬದು, ಕೊರಕಲು, ಸುಟ್ಟ ಗುರುತು ಎಲ್ಲ ಕಾಣುತ್ತದೆ. ಕಾಂಡದ ಒಂದೇ ಮಗ್ಗುಲಲ್ಲಿ ಕಪ್ಪಾಗಿ ತೊಗಟೆ ಬಿಟ್ಟಿದ್ದರೆ ಅಲ್ಲಿ ಬೆಂಕಿ ಹಾದಿದೆ. ಮಳೆ ಶುರುವಾದ ಮೇಲೆ ಹೋದರೆ ಯಾವುದು ಬದುಕಿದೆ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದು ಹೋಗುತ್ತದೆ ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. ಇಲ್ಲಿ ನಿಧಾನ ಮಾಡಿ. ಬೀಳು ಬಿದ್ದ ಜಮೀನು ಯಾಕೆ ಬೀಳು ಬಿತ್ತು ಅನ್ನೋದೇ ಮೊದಲ ಪ್ರಶ್ನೆ. ಒಡೆಯರು ಬೆಂಗಳೂರು ಸೇರಿರಬಹುದು, ಕೂಲಿ ಆಳು ಸಿಗದೆ ಬಿಟ್ಟಿರಬಹುದು. ಅಣ್ಣತಮ್ಮಂದಿರ ವ್ಯಾಜ್ಯವೂ ಇರಬಹುದು. ಹದಿನೈದು ವರ್ಷ ಯಾರೂ ನೇಗಿಲು ಹೂಡಿಲ್ಲ ಅಂದರೆ ವ್ಯಾಜ್ಯದ ಸಾಧ್ಯತೆ ಸಣ್ಣದಲ್ಲ. ಊರ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಕಾಗದದಲ್ಲಿ ಇಲ್ಲದ್ದೂ ತಿಳಿಯುತ್ತದೆ.

2020ರ ಭೂ ಸುಧಾರಣಾ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ನೀವು ನೌಕರಿಯವರು ಅನ್ನುವುದು ಅಡ್ಡಿಯಲ್ಲ. ಆದರೆ ಆ ಜಮೀನು ಮೂಲದಲ್ಲಿ ಯಾರಿಗೆ, ಹೇಗೆ ಬಂತು ಅನ್ನುವುದು ಅಡ್ಡಿಯಾಗಬಹುದು. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಪಿಟಿಸಿಎಲ್ (ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿ ಪ್ರಕಾರ ಮೂಲ ಕುಟುಂಬ ಜಮೀನು ವಾಪಸ್ ಕೇಳಿ ಅರ್ಜಿ ಹಾಕಲು ಕಾಲಮಿತಿ ಇಲ್ಲ. ಇದು ನ್ಯಾಯವಾದ ಕಾಯ್ದೆ. ಬಡವರ ಕೈಯಿಂದ ಚಿಲ್ಲರೆ ದುಡ್ಡಿಗೆ ಜಾರಿದ ಜಮೀನು ಅವರಿಗೇ ಮರಳಲಿ ಅಂತಲೇ ಇರುವುದು. ಅಂಥ ಜಮೀನು ಅಂತ ಗೊತ್ತಾದರೆ, ಎಷ್ಟೇ ಅಗ್ಗಕ್ಕೆ ಬಂದರೂ ದೂರ ಇರಿ. ಮಂಜೂರಾತಿ ಆದೇಶದ ಮೂಲ ಪ್ರತಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ ಓದಿ. ಬಗರ್ ಹುಕುಂನಲ್ಲಿ, ಅಂದರೆ ಅನುಮತಿ ಇಲ್ಲದೆ ಉಳುತ್ತಿದ್ದವರಿಗೇ ಸಕ್ರಮವಾದ ಸರ್ಕಾರಿ ಜಮೀನಿಗೂ ಇಷ್ಟು ವರ್ಷ ಮಾರಬಾರದು ಅನ್ನುವ ಷರತ್ತು ಇರುತ್ತದೆ. ಆ ಅವಧಿ ಮುಗಿದಿದೆಯಾ ನೋಡಿ.

ಪಹಣಿ ಈಗಿನದು ಒಂದೇ ಸಾಲದು. ಹಳೇ ಕೈಬರಹದ ಪಹಣಿ, ಮ್ಯುಟೇಶನ್, ಆಕಾರಬಂದ್, ಟಿಪ್ಪಣಿ, ಋಣಭಾರ ಪತ್ರ ಎಲ್ಲ ತೆಗೆಸಿ. ಪಹಣಿಯಲ್ಲಿ ಖರಾಬು ಎಷ್ಟಿದೆ ಅಂತ ಕಣ್ಣಿಟ್ಟು ನೋಡಿ. 'ಅ' ಖರಾಬು ಅಂದರೆ ಕಲ್ಲು ಮೊರಡಿ, ಸಾಗುವಳಿಗೆ ಬಾರದ್ದು. 'ಬ' ಖರಾಬು ಅಂದರೆ ಹಳ್ಳ, ದಾರಿ ಮುಂತಾದ ಸಾರ್ವಜನಿಕರದ್ದು. 'ಬ' ಖರಾಬನ್ನು ಯಾರೂ ಮಾರುವಂತಿಲ್ಲ, ನೀವು ಅದಕ್ಕೆ ದುಡ್ಡು ಕೊಡುವಂತಿಲ್ಲ. ಇಂಥ ಎಳೆ ಕಾಡು ಹೆಚ್ಚಾಗಿ ಹಳ್ಳದ ದಂಡೆ, ಮೊರಡಿ ಅಂಚಿನಲ್ಲೇ ಎದ್ದಿರುತ್ತದೆ. ನಿಮಗೆ ಇಷ್ಟವಾದ ದಟ್ಟ ಭಾಗವೇ ಖರಾಬಿನಲ್ಲಿ ಇರಬಹುದು! ಹಾಗಾಗಿ ಮುಂಗಡ ಕೊಡುವ ಮೊದಲೇ ಹದ್ದುಬಸ್ತು (ಗಡಿ ಗುರುತಿಸುವ) ಸರ್ವೆ ಮಾಡಿಸಿ, ಕಲ್ಲು ನೆಡಿಸಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅಂದಾಜಿಗೆ ಸಾಕು, ಗಡಿಗೆ ಸಾಲದು. ಒಂದು ಸರ್ವೆ ನಂಬರಿನ ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ದಾರಿ ಗ್ರಾಮ ನಕಾಶೆಯಲ್ಲಿ ಇದೆಯಾ, ಅಥವಾ ಪಕ್ಕದವರು ಬಾಯಿಮಾತಿಗೆ ಬಿಟ್ಟಿದ್ದಾ ಅಂತಲೂ ನೋಡಿ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುವುದು ನಮ್ಮ ಕಡೆ ಮಾಮೂಲಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಎಲ್ಲ ಅಕ್ಕತಂಗಿಯರೂ ಬಂದು ಸಹಿ ಮಾಡಿದರೆ ಮಾತ್ರ ಮುಂದುವರಿಯಿರಿ. ನಿಮ್ಮ ಸೀಮೆಗೆ ಇನ್ನೆರಡು ವಿಚಾರಣೆ ಸೇರಿಸಿ: ಭದ್ರಾ ಮೇಲ್ದಂಡೆ ಕಾಲುವೆಗೋ ತುಮಕೂರು-ದಾವಣಗೆರೆ ರೈಲು ಮಾರ್ಗಕ್ಕೋ ಸ್ವಾಧೀನದ ನೋಟಿಸ್ ಇದೆಯಾ, ಗಾಳಿ ವಿದ್ಯುತ್ ಕಂಪನಿಗೆ ದಾರಿಯೋ ತಂತಿಯೋ ಎಳೆಯಲು ಹಿಂದಿನವರು ಕರಾರು ಮಾಡಿಕೊಟ್ಟಿದ್ದಾರಾ.

ಮರಗಳಿದ್ದರೆ ಅರಣ್ಯ ಇಲಾಖೆ ಜಮೀನು ಕಿತ್ತುಕೊಳ್ಳುತ್ತದೆ ಅನ್ನುವ ಭಯ ಹಳ್ಳಿಗಳಲ್ಲಿ ಬಹಳ ಇದೆ. ಈ ಭಯಕ್ಕೇ ಎಷ್ಟೋ ಜನ ಗಿಡ ಏಳುವ ಮೊದಲೇ ಸವರಿಬಿಡುತ್ತಾರೆ. ಹಿಡುವಳಿ ಜಮೀನಿನಲ್ಲಿ ಗಿಡ ಬೆಳೆದ ಮಾತ್ರಕ್ಕೆ ಅದು ಸರ್ಕಾರದ ಕಾಡಾಗುವುದಿಲ್ಲ. ಆದರೆ ಕಾಡಿಗೆ ಅಂಟಿಕೊಂಡ ಸರ್ವೆ ನಂಬರಾದರೆ ವಿಚಾರಿಸಲೇಬೇಕು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ, ಒಡೆತನ ಯಾರದ್ದೇ ಇರಲಿ, ಕಾಡಿನ ಲಕ್ಷಣ ಇರುವ ಜಾಗಕ್ಕೂ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯ ಅಂತಾಯಿತು. ರಾಜ್ಯದಲ್ಲಿ ಇಂಥ ಜಾಗಗಳ ಡೀಮ್ಡ್ ಫಾರೆಸ್ಟ್ (ಕಾಡೆಂದು ಪರಿಗಣಿಸಿದ ಜಾಗ) ಪಟ್ಟಿ ಆದದ್ದು ಆಮೇಲೆ. ಹೊಳಲ್ಕೆರೆಯ ವಲಯ ಅರಣ್ಯಾಧಿಕಾರಿ ಕಚೇರಿಗೆ ಸರ್ವೆ ನಂಬರ್ ಬರೆದು ಅರ್ಜಿ ಕೊಡಿ. ಈ ನಂಬರ್ ಡೀಮ್ಡ್ ಪಟ್ಟಿಯಲ್ಲಿದೆಯಾ, ಮೀಸಲು ಕಾಡು ಮಾಡಲು ಹೊರಡಿಸುವ ಸೆಕ್ಷನ್ 4ರ ಅಧಿಸೂಚನೆಯಲ್ಲಿದೆಯಾ, ವನ್ಯಧಾಮದ ಪರಿಸರ ಸೂಕ್ಷ್ಮ ವಲಯದಲ್ಲಿದೆಯಾ ಅಂತ ಲಿಖಿತ ಉತ್ತರ ತೆಗೆದುಕೊಳ್ಳಿ. ಕಾಡಾಗಿಯೇ ಉಳಿಸುವ ನಿಮಗೆ ಇದರಿಂದ ದಿನನಿತ್ಯ ತೊಂದರೆ ಕಡಿಮೆ. ಆದರೂ ಮುಂದೆ ಮಕ್ಕಳು ಮಾರಬೇಕಾದರೆ ಆ ಉತ್ತರ ಕೈಯಲ್ಲಿರಬೇಕು.

ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಪಟ್ಟಿ ಅದೇ ಕಚೇರಿಯಲ್ಲಿ ಸಿಗುತ್ತದೆ. ಗಂಧದ ಮಾತಿಗೆ ಬಂದರೆ, 2001ರ ತಿದ್ದುಪಡಿ ಆದಮೇಲೆ ಜಮೀನಿನ ಒಡೆಯರೇ ಗಂಧದ ಮರದ ಒಡೆಯರು. ಕಡಿಯಲು, ಸಾಗಿಸಲು ಇಲಾಖೆಯ ಅನುಮತಿ ಬೇಕೇ ಬೇಕು. ಮಾರುವವರು "ಒಳಗೆ ಗಂಧ ಇದೆ, ಮುಂದೆ ಕೋಟಿ ಬರುತ್ತೆ" ಅಂತ ಬೆಲೆ ಏರಿಸಿದರೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಚೇಗು (ಪರಿಮಳದ ಒಳತಿರುಳು) ಕಟ್ಟಲು ವರ್ಷಗಟ್ಟಲೆ ಬೇಕು, ಕಟ್ಟುವ ಹೊತ್ತಿಗೆ ಕಳ್ಳರ ಕಣ್ಣು ಬೀಳುತ್ತದೆ. ಗಂಧ ಇದೆ ಅಂತ ಊರಲ್ಲಿ ಹೇಳಿಕೊಳ್ಳಲೂಬೇಡಿ, ಫೋಟೋ ಹಾಕಲೂಬೇಡಿ.

ಬೆಲೆ ಮಾತಾಡುವಾಗ ಒಂದು ಅನುಕೂಲ ನಿಮ್ಮ ಕಡೆ ಇದೆ. ಮಾರುವವರ ಕಣ್ಣಿಗೆ ಅದು ಬರೀ ಪೊದೆ. ಕ್ಲೀನ್ ಮಾಡಿಸುವ ಖರ್ಚು ಕಳೆದೇ ಬೆಲೆ ಹೇಳುತ್ತಾರೆ. ಅಪಾಯವೂ ಇಲ್ಲೇ ಇದೆ. ಮುಂಗಡ ತೆಗೆದುಕೊಂಡ ಮೇಲೆ, "ಪಾರ್ಟಿಗೆ ಚೆನ್ನಾಗಿ ಕಾಣಲಿ" ಅಂತ ಒಳ್ಳೆ ಮನಸ್ಸಿನಿಂದಲೇ ಜೆಸಿಬಿ ಬಿಡಿಸಿ ನುಣ್ಣಗೆ ಮಾಡಿಸಿರುತ್ತಾರೆ. ಇಲ್ಲವೇ ಸೌದೆಗೆ ಅಂತ ಯಾರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ನೋಂದಣಿ ದಿನ ಹೋಗಿ ನೋಡಿದರೆ ಕೊಂಡ ಕಾಡೇ ಇರುವುದಿಲ್ಲ. ಆದ್ದರಿಂದ ಕ್ರಯದ ಕರಾರಿನಲ್ಲಿ ಬರೆಸಿ: ಜಮೀನು ಈಗ ಇರುವ ಹಾಗೆಯೇ, ಗಿಡಮರ ಸಮೇತ ಒಪ್ಪಿಸಬೇಕು. ಕಡಿದರೆ, ಕಿತ್ತರೆ, ಸುಟ್ಟರೆ ಕರಾರು ರದ್ದಾಗಿ ಮುಂಗಡ ವಾಪಸ್ ಬರಬೇಕು. ನಾಲ್ಕು ಮೂಲೆಯ ಫೋಟೋ ತೆಗೆದು ಕರಾರಿಗೆ ಲಗತ್ತಿಸಿ. ಬಾಯಲ್ಲೂ ಎರಡು ಮೂರು ಸಲ ಹೇಳಿ, "ನಮಗೆ ಪೊದೆಯೇ ಬೇಕು" ಅಂತ. ಮೊದಲು ನಗುತ್ತಾರೆ, ಆಮೇಲೆ ನೆನಪಿಟ್ಟುಕೊಳ್ಳುತ್ತಾರೆ.

ಕೊಂಡಮೇಲಿನ ಮಾತು. ಆ ಜಮೀನಿಗೆ ಹದಿನೈದು ವರ್ಷದಿಂದ ಕುರಿಯವರು ಬರುತ್ತಿರುತ್ತಾರೆ. ಹುಲ್ಲು ಕೊಯ್ಯುವ ಹೆಣ್ಣುಮಕ್ಕಳು, ಸೌದೆ ಆರಿಸುವವರು, ಸೀತಾಫಲಕ್ಕೆ ಬರುವ ಮಕ್ಕಳು ಎಲ್ಲರಿಗೂ ಅದು ಗೊತ್ತಿರುವ ಜಾಗ. ದಿಢೀರನೆ ತಂತಿ ಬೇಲಿ ಹಾಕಿ ಬೋರ್ಡ್ ನಿಲ್ಲಿಸಿದರೆ ಅವರಿಗೆಲ್ಲ ನೋವಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಆರಿಸಲು ಯಾರೂ ಓಡಿ ಬರುವುದಿಲ್ಲ. ಅದರ ಬದಲು ಕೂತು ಮಾತಾಡಿ. ಸೀತಾಫಲ ಮಕ್ಕಳಿಗೇ ಇರಲಿ. ನವೆಂಬರ್, ಡಿಸೆಂಬರಿನಲ್ಲಿ ಬೀಜ ಉದುರಿದ ಮೇಲೆ ಕರಡ (ಒಣಹುಲ್ಲು) ಕೊಯ್ದುಕೊಂಡು ಹೋಗಿ, ದುಡ್ಡು ಬೇಡ ಅನ್ನಿ. ಅವರ ದನಕ್ಕೆ ಮೇವಾಯಿತು, ನಿಮ್ಮ ಕಾಡಿನಲ್ಲಿ ಬೇಸಿಗೆಗೆ ಸುಡುವ ಹುಲ್ಲು ಕಡಿಮೆಯಾಯಿತು. ಕುರಿ ಮತ್ತು ಆಡಿನ ವ್ಯತ್ಯಾಸ ನೆನಪಿರಲಿ. ಕುರಿಗೆ ಹುಲ್ಲಿನ ಮೇಲೇ ಆಸೆ. ಆಡು ಹಿಂಗಾಲಿನ ಮೇಲೆ ನಿಂತು ಐದಾರು ಅಡಿಯ ಚಿಗುರನ್ನೂ ಬಿಡದು. ಗಿಡಗಳು ಆ ಎತ್ತರ ದಾಟುವವರೆಗೆ ಮೂರ್ನಾಲ್ಕು ವರ್ಷ ಆಡು ಬೇಡ ಅಂತ ಕೇಳಿಕೊಳ್ಳಿ. ಕುರಿಯನ್ನು ಒಣ ತಿಂಗಳಲ್ಲಿ ಸ್ವಲ್ಪ ಕಾಲ ಬಿಡಬಹುದು. ಕಾಡುಗೊಲ್ಲರ, ಕುರುಬರ ಹಿರಿಯರ ಹತ್ತಿರ ಈ ಮಾತನ್ನು ಮರ್ಯಾದೆಯಿಂದ ಆಡಿದರೆ ಅವರು ನಡೆಸಿಕೊಡುತ್ತಾರೆ. ಗಿಡದ ಗುಣ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಪಕ್ಕದ ಹೊಲದವರ ದೂರು ಬೇರೆ. ಅವರು ಮೆಕ್ಕೆಜೋಳ ಹಾಕಿದ್ದರೆ, ನಿಮ್ಮ ಪೊದೆಯಲ್ಲಿ ಮಲಗಿದ ಕಾಡುಹಂದಿ ರಾತ್ರಿ ಅವರ ತೆನೆ ಉರುಳಿಸುತ್ತದೆ. ಇದು ನಿಜವಾದ ನಷ್ಟ, ತಳ್ಳಿಹಾಕಬೇಡಿ. ಅವರ ಬದುವಿನ ಪಕ್ಕ ನಿಮ್ಮ ಕಡೆಯ ನಾಲ್ಕೈದು ಮೀಟರ್ ಪಟ್ಟಿಯಲ್ಲಿ ಪೊದೆ ತೆಗೆದು ಬಯಲಾಗಿ ಇಡಿ. ಬೆಂಕಿ ದಾಟದಂತೆ ತಡೆಯುವ ಬೆಂಕಿ ರೇಖೆಯೂ ಅದೇ ಆಗುತ್ತದೆ. ಲೈನಿನಿಂದ ಕರೆಂಟ್ ಎಳೆದು ತಂತಿಗೆ ಕೊಡುವ ಕೆಲಸ ಯಾರೇ ಹೇಳಿದರೂ ಬೇಡ. ಅದು ಅಪರಾಧ, ಮನುಷ್ಯರೂ ಸತ್ತಿದ್ದಾರೆ. ಬೇಲಿ ಬೇಕೇ ಬೇಕು ಅನ್ನಿಸಿದರೆ ಕತ್ತಾಳೆ, ಕಳ್ಳಿ, ಹೊಂಗೆಯ ಜೀವಂತ ಬೇಲಿ ಸಾಕು.

ಬೆಂಕಿ ರೇಖೆಗೆ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಜಮೀನು ಚೌಕವಾಗಿದ್ದರೆ ಸುತ್ತಳತೆ ಸುಮಾರು 525 ಮೀಟರ್. ನಾಲ್ಕು ಮೀಟರ್ ಅಗಲಕ್ಕೆ ಹುಲ್ಲು ಕೆರೆಸಿದರೆ ಅರ್ಧ ಎಕರೆ ಅದಕ್ಕೇ ಹೋಗುತ್ತದೆ. ಸಣ್ಣ ಕಾಡಿನ ಕಷ್ಟವೇ ಇದು, ಒಳಗಿಗಿಂತ ಅಂಚು ಜಾಸ್ತಿ. ಆದರೂ ಜಿಪುಣತನ ಮಾಡಬೇಡಿ. ಪ್ರತಿ ವರ್ಷ ಜನವರಿ ಮುಗಿಯುವುದರೊಳಗೆ ಕೆರೆಸಿ. ಯುಗಾದಿ ಆಸುಪಾಸು ಬಿದ್ದ ತರಗೆಲೆ, ಒಣ ಕಡ್ಡಿ ಮತ್ತೆ ಒಂದು ಸಲ ಗುಡಿಸಿಸಿ. ದಾರಿ ಪಕ್ಕ ಇನ್ನೂ ಅಗಲ ಇರಲಿ, ಬೀಡಿ ಬೀಳುವುದು ಅಲ್ಲೇ. ಒಂದೇ ಒಂದು ಬೆಂಕಿ ಐದು ವರ್ಷದ ಬೆಳವಣಿಗೆಯನ್ನು ಬುಡಕ್ಕೆ ತರುತ್ತದೆ. ಬೇರು ಬದುಕಿರುತ್ತದೆ ನಿಜ. ಪದೇ ಪದೇ ಬಿದ್ದರೆ ಬೇರೂ ಸೋಲುತ್ತದೆ, ಕೊನೆಗೆ ಹುಲ್ಲು ಮತ್ತು ಬಂದರಿಕೆ ಪೊದೆ ಮಾತ್ರ ಉಳಿಯುತ್ತದೆ.

ಬಳ್ಳಾರಿ ಜಾಲಿಯನ್ನು ಒಂದೇ ಸಲಕ್ಕೆ ಕೀಳಿಸಬೇಡಿ. ಅದರ ನೆರಳಲ್ಲೂ ಬೇವು, ಗಂಧ ಎದ್ದಿರುತ್ತವೆ. ಮೊದಲ ವರ್ಷ ಒಳ್ಳೆ ಗಿಡಗಳ ತಲೆ ಮುಚ್ಚಿರುವ ಜಾಲಿ ಮಾತ್ರ ತೆಗೆಯಿರಿ. ಎರಡನೇ ವರ್ಷ ಇನ್ನಷ್ಟು. ನೆಲದ ಮೇಲೆ ಕಡಿದರೆ ಅದು ನಾಲ್ಕರಷ್ಟು ಚಿಗುರುತ್ತದೆ. ಬುಡದ ಮಣ್ಣು ಬಗೆದು ಚಿಗುರುವ ಗಂಟಿನ ಕೆಳಗೆ ಬೇರು ಕತ್ತರಿಸಬೇಕು. ಲಂಟಾನಕ್ಕೂ ಅಷ್ಟೇ, ಮಣ್ಣಿನ ಕೆಳಗೆ ಮೂರ್ನಾಲ್ಕು ಇಂಚು ಇಳಿದು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಈ ಕೆಲಸ ಸಲೀಸು. ಜಾಲಿಯ ಸೌದೆ, ಇದ್ದಿಲಿಗೆ ಗಿರಾಕಿ ಇದ್ದೇ ಇರುತ್ತಾರೆ, ಕೂಲಿ ಅದರಲ್ಲೇ ಹುಟ್ಟಬಹುದು.

ಬೊಡ್ಡೆ ಚಿಗುರುಗಳಿಗೆ ಸ್ವಲ್ಪ ಕೈ ಆಡಿಸಬೇಕು. ಒಂದು ಬುಡದ ಹತ್ತು ಕಾಂಡದಲ್ಲಿ ದಪ್ಪ, ನೆಟ್ಟಗಿರುವ ಎರಡೋ ಮೂರೋ ಉಳಿಸಿ, ಉಳಿದದ್ದನ್ನು ಹರಿತ ಕುಡುಗೋಲಿನಿಂದ ಬುಡಕ್ಕೆ ಓರೆಯಾಗಿ ಕೊಯ್ಯಿಸಿ. ಉಳಿಸಿದ ಕಾಂಡದ ಕೆಳಗಿನ ಕೊಂಬೆಗಳನ್ನು ಅರ್ಧ ಎತ್ತರದವರೆಗೆ ಸವರಿ, ಅದಕ್ಕಿಂತ ಮೇಲೆ ಬೇಡ. ಕಾಲ ಚಳಿಗಾಲ. ಎಲ್ಲ ಬುಡಕ್ಕೂ ಒಂದೇ ವರ್ಷ ಮಾಡದೆ, ವರ್ಷಕ್ಕೆ ಒಂದು ಎಕರೆಯಂತೆ ಮಾಡಿ. ಆಫ್ರಿಕಾದ ನೈಜರ್‌ನಲ್ಲಿ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಟೋನಿ ರಿನಾಡೊ ಎಂಬವರು ಅಲ್ಲಿನ ರೈತರ ಜೊತೆ ಸೇರಿ ಮಾಡಿದ್ದು ಇದನ್ನೇ. ಸಸಿ ನೆಟ್ಟು ಸೋತ ಮೇಲೆ, ಹೊಲದಲ್ಲಿದ್ದ ಹಳೇ ಬೊಡ್ಡೆಗಳ ಚಿಗುರನ್ನು ಆರಿಸಿ ಉಳಿಸಿದರು. ಅದು ರೈತರಿಂದ ರೈತರಿಗೆ ಹಬ್ಬಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎದ್ದವು. ಒಣ ಸೀಮೆಯಲ್ಲಿ ನಾನು ಕಂಡ ಅತಿ ಅಗ್ಗದ, ಅತಿ ಗಟ್ಟಿ ದಾರಿ ಇದು.

ಹಾಗಾದರೆ ಗಿಡ ನೆಡಲೇಬಾರದಾ ಅಂತ ಕೇಳುತ್ತೀರಿ, ಅಲ್ವಾ? ಬೋಳು ಜಾಗದಲ್ಲಿ ಮಾತ್ರ, ಅದೂ ಎರಡು ಮಳೆಗಾಲ ಕಾದು ನೋಡಿದ ಮೇಲೆ. ಹಕ್ಕಿ ತರಲಾಗದ ದಪ್ಪ ಬೀಜದ ಹುಣಸೆಯನ್ನೋ, ನಮ್ಮ ಒಣ ಸೀಮೆಗೆ ಹೇಳಿ ಮಾಡಿಸಿದ ಕಮರ ಮರವನ್ನೋ ಅಲ್ಲಲ್ಲಿ ನೆಡಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನರ್ಸರಿ ಸಸಿ ಪಡೆದು ನೆಟ್ಟರೆ, ಬದುಕುಳಿದ ಸಸಿಗೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ ಪ್ರೋತ್ಸಾಹಧನ ಇದೆ. ಆದರೆ ತಾನಾಗಿ ಎದ್ದ ಗಿಡಕ್ಕೆ ಅದರಲ್ಲಿ ಕಾಸಿಲ್ಲ. ಆ ದುಡ್ಡಿನ ಆಸೆಗೆ ಇರುವ ಗಿಡ ತೆಗೆದು ಸಸಿ ಇಡುವ ಕೆಲಸ ಮಾತ್ರ ಬೇಡ.

ಇದೇ ಪ್ರಶ್ನೆ ಚಳ್ಳಕೆರೆ, ಹಿರಿಯೂರು ಕಡೆಯ ಓದುಗರಿಂದ ಬಂದಿದ್ದರೆ ನಾನು ಇನ್ನೊಂದು ಮಾತು ಸೇರಿಸುತ್ತಿದ್ದೆ. ಅಲ್ಲಿನ ಕಾವಲುಗಳು (ದನ ಮೇಯಲು ಬಿಟ್ಟ ಬಯಲುಗಳು) ಹುಲ್ಲುಗಾವಲು. ಅಮೃತಮಹಲ್ ರಾಸು, ಕೃಷ್ಣಮೃಗ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಎಲ್ಲ ಆ ಬಯಲನ್ನೇ ನಂಬಿವೆ. ಅಲ್ಲಿ ಮರ ತುಂಬಿಸುವುದು ಉಪಕಾರವಲ್ಲ. ನಿಮ್ಮ ಜಮೀನಿನ ಒಳಗೂ ಒಂದು ತುಂಡು ಬಯಲು ಹುಲ್ಲು ತಾನಾಗಿ ಉಳಿದಿದ್ದರೆ ಹಾಗೇ ಬಿಡಿ. ಗೌಜಲಕ್ಕಿ, ಮೊಲಕ್ಕೆ ಅದು ಬೇಕು.

ಆದಾಯದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಬೇವಿನ ಬೀಜ, ಹೊಂಗೆ ಬೀಜ, ಸ್ವಲ್ಪ ಜೇನು, ಮುಂದೆ ಹುಣಸೆ. ಕಾವಲಿಗೆ, ಬೆಂಕಿ ರೇಖೆಗೆ ಆಗುವ ಖರ್ಚು ಇದರಲ್ಲಿ ಹುಟ್ಟಿದರೆ ದೊಡ್ಡದು. ಹಾಗಾಗಿ ಸಾಲ ಮಾಡಿ ಕೊಳ್ಳಬೇಡಿ. ಪಿಂಚಣಿಯ ಇಡುಗಂಟನ್ನೂ ಪೂರ್ತಿ ಹಾಕಬೇಡಿ. ದಾರಿ ಪಕ್ಕದ ಅರ್ಧ ಎಕರೆ ಈಗಲೇ ಬೋಳಾಗಿದ್ದರೆ ಅಲ್ಲಿ ಸಜ್ಜೆ, ಹುರುಳಿ ಬಿತ್ತಿಸಿ. ಪಹಣಿಯಲ್ಲಿ ಬೆಳೆ ಕಾಣುತ್ತದೆ, ಊರವರಿಗೂ ಇವರು ಸುಮ್ನೆ ಜಾಗ ಹಿಡಿದು ಕೂತವರಲ್ಲ ಅನ್ನಿಸುತ್ತದೆ.

ಬೋರ್ ಹಾಕಿಸಬೇಡಿ. ಇರುವ ಗಿಡ ಒಂದಕ್ಕೂ ನಿಮ್ಮ ನೀರು ಬೇಡ, ಬೋರ್ ಬಿದ್ದ ದಿನದಿಂದ ಅಡಿಕೆ ಇಡಿ ಅನ್ನುವವರ ಕಾಟ ಶುರುವಾಗುತ್ತದೆ. ಆ ದುಡ್ಡಲ್ಲಿ ಇಳಿಜಾರಿಗೆ ಅಡ್ಡವಾಗಿ ಹಳೇ ಬದುಗಳನ್ನು ಕೈಕೆಲಸದವರಿಂದ ಸರಿ ಮಾಡಿಸಿ, ಒಡೆದ ಕಡೆ ಕಲ್ಲು ಕಟ್ಟಿಸಿ, ಮಳೆ ನೀರು ಅಲ್ಲೇ ಇಂಗುತ್ತದೆ. ನೀವು ಹೋದಾಗ ಕುಡಿಯೋಕೆ ಮನೆಯಿಂದಲೇ ಕ್ಯಾನ್ ತೆಗೆದುಕೊಂಡು ಹೋಗಿ.